ದುರ್ಗದ ಬೈಲಿನ ಬೋರ್ಡಿಲ್ಲದ ಅಂಗಡಿ, ನನ್ನ ಮೂರು ಕಿಟೆಲ್ ಪುಸ್ತಕಗಳು

ಅಂಗಡಿಗೆ ಹೆಸರಿಲ್ಲ, ಬೋರ್ಡೂ ಇಲ್ಲ. ಹೆಸರು ಬರೆಯಲಾ ಎಂದು ಮಾಲೀಕರನ್ನು ಕೇಳಿದೆ. "ಬ್ಯಾಡ್ರಿ ಬಾಯಾರ, ನಾಳಿಂದ ಎಲ್ಲಾರೂ ಟೆನ್ತ್ ಗೈಡ್ ಕೇಳಾಕ ಬರ್ತಾರ" ಎಂದರು. ಹಾಗಾಗಿ ಗುರುತು ಮಾತ್ರ ಹೇಳುತ್ತೇನೆ. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಒಂದು ಓಣಿ. ಒಂದು ಕಡೆ ಸ್ಟೀಲ್ ಪಾತ್ರೆ ಅಂಗಡಿ, ಒಂದು ಕಡೆ ಬಳೆ ಅಂಗಡಿ. ನಡುವೆ ಒಬ್ಬರೇ ಹತ್ತಬಹುದಾದ ಕಟ್ಟಿಗೆ ಮೆಟ್ಟಿಲು. ಹದಿನೇಳು ಮೆಟ್ಟಿಲು. ಮೊಣಕಾಲು ನೋವಿರುವವಳು ಎಣಿಸದೆ ಇರುತ್ತಾಳೆಯೇ? ಮೇಲೆ ಹೋದರೆ ಅಟ್ಟದಂಥ ಎರಡು ಕೋಣೆ. ಮುಂದಿನದರಲ್ಲಿ ಹಳೆ ಪುಸ್ತಕ. ಹಿಂದಿನದರಲ್ಲಿ ಬೈಂಡಿಂಗ್ ಚಾಚಾ.

ನಾನು ಬೆಟಗೇರಿಯವಳು, ನೇಕಾರರ ಮನೆಯ ಮಗಳು. ಗದಗಿನ ಒಂದು ಪ್ರೆಸ್ಸಿನಲ್ಲಿ 31 ವರ್ಷ ಪ್ರೂಫ್ ನೋಡಿದೆ. ಸೇರಿದಾಗ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುವ ಕಾಲ. ಬಿಟ್ಟು ಬಂದಾಗ ಎಲ್ಲವೂ ಕಂಪ್ಯೂಟರ್, ನುಡಿ ತಂತ್ರಾಂಶ. ಆದರೆ ನನ್ನ ಮೇಜಿನ ಮೇಲಿನ ನಿಘಂಟು ಮಾತ್ರ ಬದಲಾಗಲಿಲ್ಲ. ಜರ್ಮನ್ ಪಾದ್ರಿ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರ ಒಳಗೆ ನಾಲ್ಕು ಸಂಪುಟಗಳಲ್ಲಿ ತಂದಿತಲ್ಲ, ಅದು. ಎರಡನೇ ಸಂಪುಟದ ರಟ್ಟಿಗೆ ಯಾರೋ ಚಹಾ ಚೆಲ್ಲಿದ್ದರು. ಲೇಖಕರು ಬಂದು ಒಂದು ಶಬ್ದಕ್ಕೆ ಜಗಳ ತೆಗೆದರೆ ನಮ್ಮ ಫೋರ್‌ಮನ್ ಹೇಳುತ್ತಿದ್ದದ್ದು ಒಂದೇ: "ಕಿಟೆಲ್ ಏನಂತಾನ ನೋಡ್ರಿ ಮೊದಲ." ಫರ್ಡಿನಂಡ್ ಕಿಟೆಲ್ ಪಾದ್ರಿ ತೀರಿಕೊಂಡದ್ದು 1903ರಲ್ಲಿ. ನಮ್ಮ ಪ್ರೆಸ್ಸಿನಲ್ಲಿ ಮಾತ್ರ ಅವರು ದಿನಾ ಕೆಲಸಕ್ಕೆ ಬರುತ್ತಿದ್ದರು.

ಕೆಲಸ ಬಿಟ್ಟ ಮೇಲೆ ಪಿಎಫ್ ದುಡ್ಡು ಬಂತು. ನನ್ನ ಅಕ್ಕ ಎರಡು ಬಳೆ ಮಾಡಿಸಿಕೋ ಎಂದಳು. ನನಗೆ 1894ರ ಕಿಟೆಲ್ ಬೇಕಿತ್ತು. ಮಂಗಳೂರಿನ ಬಾಸೆಲ್ ಮಿಶನ್ ಬುಕ್ ಆ್ಯಂಡ್ ಟ್ರ್ಯಾಕ್ಟ್ ಡಿಪಾಸಿಟರಿ ಹೊರತಂದ ಮೊದಲ ಮುದ್ರಣ. ಒಂದೇ ಸಂಪುಟ. ಕೊನೆಯ ಪುಟದ ಸಂಖ್ಯೆ 1752. ಸುಮಾರು 70,000 ಶಬ್ದ. ಓದಲು ಬೇಕಾದರೆ ಅದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಗೊತ್ತು. ಆದರೆ ಅದನ್ನು ಮೊಳೆ ಮೊಳೆಯಾಗಿ ಜೋಡಿಸಿದವನ ಕೈಯನ್ನು ನಾನು ಹಾಳೆಯ ಮೇಲೆ ನೋಡಬೇಕಿತ್ತು. ಇದನ್ನು ಅಕ್ಕನಿಗೆ ವಿವರಿಸಲು ಹೋಗಲಿಲ್ಲ.

ಮೊದಲ ಸಲ ಮೋಸ ಹೋದೆ. ಆನ್‌ಲೈನಿನಲ್ಲಿ ಒಬ್ಬರು "ಕಿಟೆಲ್, 1894, ಫಸ್ಟ್ ಎಡಿಶನ್, ಅಪರೂಪ" ಎಂದು ಹಾಕಿದ್ದರು. ₹6,500. ಫೋಟೋದಲ್ಲಿ ಶೀರ್ಷಿಕೆ ಪುಟ ಚೆನ್ನಾಗಿಯೇ ಕಾಣುತ್ತಿತ್ತು. ಮಂಗಳೂರು, 1894, ಎಲ್ಲ ಸರಿ. ಪಾರ್ಸೆಲ್ ಬಿಚ್ಚಿದ ಕೂಡಲೇ ಮೂಗಿಗೆ ಗೊತ್ತಾಯಿತು. 125 ವರ್ಷ ದಾಟಿದ ಕಾಗದದ ವಾಸನೆ ಅದಲ್ಲ. ಅದು 1980ರ ದಶಕದಿಂದ ಈಚೆ ದೆಹಲಿಯಲ್ಲಿ ಮೂಲ ಪುಟಗಳ ಫೋಟೋ ತೆಗೆದು ಮಾಡಿದ ಮರುಮುದ್ರಣ. ಮರುಮುದ್ರಣ ಮಾಡಿದವರದು ಏನೂ ತಪ್ಪಿಲ್ಲ, ಅವರು ಪ್ರಾಮಾಣಿಕವಾಗಿ ಹಾಗೆಂದೇ ಅಚ್ಚು ಹಾಕಿರುತ್ತಾರೆ. ಆದರೆ ನನಗೆ ಮಾರಿದ ಪುಣ್ಯಾತ್ಮರು ಆ ವಿವರ ಇದ್ದ ಹಾಳೆಯನ್ನೇ ಕಿತ್ತಿದ್ದರು. ಹೊಲಿಗೆಯ ಹತ್ತಿರ ಒಂದು ಎಳೆಯಷ್ಟು ಕಾಗದ ಉಳಿದಿತ್ತು. ವಾಪಸ್ ತಗೊಳ್ಳಿ ಎಂದು ಮೂರು ಸಲ ಬರೆದೆ. "1894 ಅಂತ ಪುಸ್ತಕದಲ್ಲೇ ಇದೆಯಲ್ಲ ಮೇಡಂ" ಎಂದು ಒಂದು ಉತ್ತರ. ಆಮೇಲೆ ಅದೂ ಇಲ್ಲ.

ಧಾರವಾಡದ ಒಬ್ಬ ಪರಿಚಯದವರು ಹುಬ್ಬಳ್ಳಿಯ ಈ ಅಂಗಡಿ ಹೇಳಿದ್ದು ಆಗ. ಗದಗಿನಿಂದ ರೈಲಿನಲ್ಲಿ ಬಂದರೆ ತಾಸು, ತಾಸೂವರೆ. ಆ ನಕಲಿ ಕಿಟೆಲ್ಲನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋದೆ. ಪರೀಕ್ಷೆ ಮಾಡೋಣ ಎಂದು. ಇವರಿಗೂ ಗೊತ್ತಾಗುತ್ತದೋ ಇಲ್ಲವೋ ನೋಡಬೇಕಲ್ಲ.

ಮಾಲೀಕರಿಗೆ ಎಪ್ಪತ್ತು ದಾಟಿರಬೇಕು. ಧೋತರ, ಅರ್ಧ ತೋಳಿನ ಅಂಗಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಪುಸ್ತಕವನ್ನು ಅವರ ಮುಂದಿಟ್ಟು "ಮಾರಬೇಕಾಗೇತ್ರಿ ಅಣ್ಣಾರ, ಎಷ್ಟು ಬರ್ತದ?" ಎಂದೆ. ಅವರು ಶೀರ್ಷಿಕೆ ಪುಟ ನೋಡಲೇ ಇಲ್ಲ. ನಡುವಿನ ಒಂದು ಹಾಳೆ ತೆಗೆದರು. ಕನ್ನಡಕ ಹಾಕಲಿಲ್ಲ. ಕಣ್ಣು ಮುಚ್ಚಿ ಹಾಳೆಯ ಹಿಂಬದಿಯ ಮೇಲೆ ಬೆರಳು ಆಡಿಸಿದರು.

"ಹಿಂದ ಉಬ್ಬಿಲ್ಲರೀ ಬಾಯಾರ. ಇದು ಮೊಳಿ ಅಚ್ಚಲ್ಲ."

ನನಗೆ ನಾಚಿಕೆಯಾಯಿತು. 31 ವರ್ಷ ಪ್ರೆಸ್ಸಿನಲ್ಲಿದ್ದವಳು, ಪಾರ್ಸೆಲ್ ಬಂದ ದಿನ ನಾನು ಮೂಸಿ ನೋಡಿದೆನೇ ಹೊರತು ಮುಟ್ಟಿ ನೋಡಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಳೆಯಿಂದ ಅಚ್ಚಾದ ಹಾಳೆಯಲ್ಲಿ ಸೀಸದ ಅಕ್ಷರ ಕಾಗದವನ್ನು ಒತ್ತಿರುತ್ತದೆ. ಆ ಒತ್ತು ಹಿಂಬದಿಗೆ ಸಣ್ಣಗೆ ಉಬ್ಬಿ ಬರುತ್ತದೆ. ಫೋಟೋ ತೆಗೆದು ಆಫ್‌ಸೆಟ್ಟಿನಲ್ಲಿ ಹಾಕಿದರೆ ಹಾಳೆ ಎರಡೂ ಕಡೆ ಸಪಾಟು. ಇನ್ನೊಂದು ಗುರುತು ಕಣ್ಣಿಗೆ ಸಂಬಂಧಪಟ್ಟದ್ದು. ಕಿಟೆಲ್ ನಿಘಂಟಿನಲ್ಲಿ ಅಕ್ಷರ ಬಹಳ ಸಣ್ಣದು. ಫೋಟೋ ಪ್ರತಿಯಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಚುಕ್ಕೆಯಾಗಿಬಿಡುತ್ತವೆ. ಹಳಗನ್ನಡದ ಱ, ೞ ಇರುವ ಕಡೆ ಭೂತಗನ್ನಡಿ ಹಿಡಿಯಿರಿ. ಅಸಲಿಯಲ್ಲಿ ಅಂಚು ಚೂಪಾಗಿ ನಿಂತಿರುತ್ತದೆ. ನಕಲಿಯಲ್ಲಿ ಮಸಿ ಕುಡಿದ ಹಾಗೆ.

ನಿಜ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ನಕ್ಕರು. ಕೆಳಗಿನಿಂದ ಚಹಾ ತರಿಸಿದರು. ಆಮೇಲೆ ಒಂದು ಹಳೇ ಲೆಕ್ಕದ ವಹಿ ತೆಗೆದು ನನ್ನ ಬೇಡಿಕೆ ಬರೆದುಕೊಂಡರು. ಕಿಟೆಲ್ ಪುಸ್ತಕಗಳಲ್ಲಿ ಯಾವ್ಯಾವುದು ಬೇಕು, ಯಾವ ವರ್ಷದ್ದು, ಎಷ್ಟರವರೆಗೆ ಕೊಡಬಲ್ಲೆ. ನಾನು ಐದು ಹೇಳಿದೆ. 1862ರ 'ಕಥಾಮಾಲೆ', ಯೇಸುವಿನ ಕಥೆಯನ್ನು ನಮ್ಮ ಕಾವ್ಯಗಳ ಧಾಟಿಯಲ್ಲಿ ಪದ್ಯವಾಗಿ ಬರೆದದ್ದು. 1872ರ 'ಶಬ್ದಮಣಿದರ್ಪಣ', ಕೇಶಿರಾಜನ ಹಳಗನ್ನಡ ವ್ಯಾಕರಣ, ನಿಷ್ಠೂರ ಸಂಜಯನ ವ್ಯಾಖ್ಯಾನದ ಜೊತೆ. 1875ರ ನಾಗವರ್ಮನ ಛಂದಸ್ಸು. 1894ರ ನಿಘಂಟು. 1903ರಲ್ಲಿ ಬಂದ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ. "ಶಬ್ದಮಣಿದರ್ಪಣ ಕಿಟೆಲ್‌ಗಿಂತ ಮೊದಲ ಗ್ಯಾರೆಟ್ ಸಾಹೇಬ್ರು ಬೆಂಗಳೂರಾಗ ಅಚ್ಚ ಹಾಕ್ಯಾರ, 1868ರಾಗ. ಅದು ಬ್ಯಾಡೇನು?" ಎಂದು ಕೇಳಿದರು. ಬೇಡ ಎಂದೆ. ನನಗೆ ಬೇಕಿದ್ದದ್ದು ಪುಸ್ತಕದ ಮೊದಲಲ್ಲ, ಕಿಟೆಲ್‌ರ ಮೊದಲು. ಆ ವ್ಯತ್ಯಾಸವನ್ನೂ ಹಾಗೆಯೇ ಬರೆದುಕೊಂಡರು.

ಈಗ ಅಂಗಡಿಯ ಮುಖ್ಯ ಗುಣ. ಇವರು ಪುಸ್ತಕದ ದೋಷವನ್ನು ಮೊದಲು ಹೇಳುತ್ತಾರೆ. ಬೆಲೆ ಆಮೇಲೆ. ಪ್ರತಿ ಹಳೆ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ನಾಲ್ಕೈದು ಸಾಲು ಇರುತ್ತದೆ. "ಪುಟ 211–214 ಇಲ್ಲ. ಬೆನ್ನು ಹೊಸದು. 3ನೇ ಫಾರಂ ಉಲ್ಟಾ ಹೊಲಿದಿದೆ. ಮುಂದಿನ ನಕ್ಷೆ ಝೆರಾಕ್ಸ್." ಹೀಗೆ. ಫಾರಂ ಎಂದರೆ ಒಟ್ಟಿಗೆ ಮಡಚಿ ಹೊಲಿಯುವ ಹಾಳೆಗಳ ಕಟ್ಟು. ಪೆನ್ನಿನಲ್ಲಿ ಬರೆಯುವುದಿಲ್ಲ, ಪುಸ್ತಕಕ್ಕೆ ಅದು ಹೊಸ ದೋಷ ಆಗುತ್ತದೆ ಎನ್ನುತ್ತಾರೆ. ನಾನು ಇಡೀ ಜೀವನ ಬೇರೆಯವರ ತಪ್ಪಿನ ಪಕ್ಕದಲ್ಲಿ ಗುರುತು ಹಾಕಿ ಸಂಬಳ ತೆಗೆದುಕೊಂಡವಳು. ಪುಸ್ತಕದ ಕೊನೆಯಲ್ಲಿ ಒಪ್ಪೋಲೆ, ಅಂದರೆ ತಪ್ಪುಗಳ ತಿದ್ದುಪಟ್ಟಿ, ಹಾಕಲು ಹೇಳಿದರೆ ಲೇಖಕರು ಮುಖ ಸಿಂಡರಿಸುತ್ತಿದ್ದರು. ಇಲ್ಲಿ ಅಂಗಡಿಯವರೇ ಮಾರುವ ಮುಂಚೆ ಒಪ್ಪೋಲೆ ಹಾಕುತ್ತಿದ್ದಾರೆ!

ಎಂಟು ತಿಂಗಳಿಗೆ ಮೊದಲ ಫೋನ್ ಬಂತು. 'ಶಬ್ದಮಣಿದರ್ಪಣ', 1872. ಕೊನೆಯ ಮೂರು ಹಾಳೆ ಇಲ್ಲ, ರಟ್ಟು ಇಲ್ಲ, ₹2,200. ಹೋಗಿ ನೋಡಿದೆ. ಹಾಳೆಗಳು ಕಂದಿದ್ದವು, ಮುರಿಯುವಷ್ಟಲ್ಲ. ಒಳಗೆ ಯಾರೋ ಹಳೆಯ ಕಾಲದ ಪಂಡಿತರು ಅಂಚಿನಲ್ಲಿ ಸೂತ್ರಗಳ ಪಕ್ಕ ಟಿಪ್ಪಣಿ ಬರೆದಿದ್ದರು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಕೈಬರಹ ಮುತ್ತು ಪೋಣಿಸಿದ ಹಾಗೆ. ಒಂದು ಕಡೆ ಕೇಶಿರಾಜನ ಉದಾಹರಣೆಯನ್ನು ಒಪ್ಪದೆ "ಹೀಗಲ್ಲ" ಎಂದು ಬರೆದಿದ್ದಾರೆ. ಹದಿಮೂರನೇ ಶತಮಾನದ ವ್ಯಾಕರಣಕಾರನ ಜೊತೆ ಅಂಚಿನಲ್ಲಿ ಜಗಳ! ಪುಸ್ತಕಕ್ಕಿಂತ ಆ ಟಿಪ್ಪಣಿಗೇ ದುಡ್ಡು ಕೊಟ್ಟೆ ಎನ್ನಿ.

ಅಂಗಡಿಯ ದೊಡ್ಡ ಕುಂದು ಬಂದದ್ದೂ ಇದರಲ್ಲೇ. ಬೈಂಡಿಂಗಿಗೆ ಅಲ್ಲೇ ಕೊಟ್ಟೆ. ಆರು ವಾರ ಎಂದರು, ನಾಲ್ಕು ತಿಂಗಳಾಯಿತು. ಸರಿ, ತಡಕ್ಕೆ ನಾನು ಬೇಜಾರು ಮಾಡಿಕೊಳ್ಳುವವಳಲ್ಲ, ಪ್ರೆಸ್ಸಿನವಳು. ಆದರೆ ಚಾಚಾ ಹೊಲಿಗೆ ಹಾಕಿ ರಟ್ಟು ಕಟ್ಟುವ ಮುಂಚೆ ಅಭ್ಯಾಸಬಲದಿಂದ ಪುಸ್ತಕವನ್ನು ಕಟಿಂಗ್ ಮಷೀನಿಗೆ ಕೊಟ್ಟುಬಿಟ್ಟಿದ್ದರು. ಮೂರೂ ಅಂಚು ನೀಟಾಗಿ ಸಾಫ್. ಪಂಡಿತರ ಟಿಪ್ಪಣಿಗಳಲ್ಲಿ ಎಷ್ಟೋ ಕಡೆ ಕೊನೆಯ ಅಕ್ಷರ ಹೋಯಿತು. "ಹೀಗಲ್ಲ" ಇದ್ದದ್ದು "ಹೀಗ" ಆಗಿ ನಿಂತಿದೆ. ಪಂಡಿತರು ಒಪ್ಪದಿದ್ದದ್ದನ್ನು ಮಷೀನು ಒಪ್ಪಿಸಿಬಿಟ್ಟಿತು.

ಅಳು ಬಂತು, ಸುಳ್ಳು ಹೇಳುವುದಿಲ್ಲ. ಮಾಲೀಕರು ಚಾಚಾನನ್ನು ಕರೆದು ನನ್ನ ಮುಂದೆ ಬೈಯಲಿಲ್ಲ. ಬೈಂಡಿಂಗಿನ ₹900 ವಾಪಸ್ ಕೊಟ್ಟರು. ಆಮೇಲೆ ಪುಸ್ತಕ ತೆಗೆದುಕೊಂಡು ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿಸಿದರು: "ಅಂಚು ಕಟ್ ಆಗಿದೆ. ಟಿಪ್ಪಣಿ ಹಾಳಾಗಿದೆ. ತಪ್ಪು ನಮ್ಮದು." ಕೆಳಗೆ ದಿನಾಂಕ. ಸಿಟ್ಟು ಅರ್ಧ ಇಳಿಯಿತು. ಅರ್ಧ ಇನ್ನೂ ಇದೆ. ಈ ಅಂಗಡಿಗೆ ಐದರಲ್ಲಿ ನಾಲ್ಕೇ ನಕ್ಷತ್ರ ಕೊಡುವುದು ಅದಕ್ಕೇ. ನೀವು ಹಳೆ ಪುಸ್ತಕ ಬೈಂಡಿಂಗಿಗೆ ಕೊಟ್ಟರೆ, ಇಲ್ಲಿಯಾಗಲಿ ಬೇರೆ ಕಡೆಯಾಗಲಿ, ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ "ಅಂಚು ಕಟ್ ಮಾಡಬೇಡಿ" ಎಂದು ಬರೆದು ಪುಸ್ತಕದ ಒಳಗೇ ಇಡಿ. ಬಾಯಲ್ಲಿ ಹೇಳಿದ್ದು ಹಿಂದಿನ ಕೋಣೆಯವರೆಗೆ ಹೋಗುವುದಿಲ್ಲ.

ಬೈಂಡಿಂಗ್ ಕೆಲಸ ಮಾತ್ರ ನೋಡಿದರೆ ಚಾಚಾನ ಕೈ ಒಳ್ಳೆಯದು. ನಾನು ನೂಲಿನ ನಡುವೆ ಬೆಳೆದವಳು, ಮೊದಲು ದಾರ ನೋಡುತ್ತೇನೆ. ಹತ್ತಿಯ ದಾರ, ಮೇಣ ತಿಕ್ಕಿದ್ದು. ನೈಲಾನ್ ಅಲ್ಲ. ನೈಲಾನ್ ಗಟ್ಟಿ, ನಿಜ. ಆದರೆ ಹಳೆಯ ಕಾಗದಕ್ಕೆ ಅದು ಗರಗಸ. ಅಂಟು ಮೈದಾದ್ದು, ಅದರಲ್ಲಿ ಚಿಟಿಕೆ ಮೈಲುತುತ್ತ. ಹುಳ ಬರದಿರಲಿ ಎಂದು. ಫೆವಿಕಾಲ್ ಹಾಕುವುದಿಲ್ಲ. ಮೈದಾ ಅಂಟನ್ನು ನಾಳೆ ಯಾರಾದರೂ ನೀರು ಮುಟ್ಟಿಸಿ ಬಿಡಿಸಬಹುದು, ಫೆವಿಕಾಲ್ ಬಿಡಿಸಲು ಹೋದರೆ ಕಾಗದವೇ ಬರುತ್ತದೆ. ಸೆಲ್ಲೋಟೇಪ್ ಕಂಡರೆ ಚಾಚಾಗೆ ಆಗುವುದೇ ಇಲ್ಲ. ಒಬ್ಬರು ಹರಿದ ಪಂಚಾಂಗಕ್ಕೆ ಟೇಪ್ ಅಂಟಿಸಿ ತಂದಿದ್ದರು. ಅವರಿಗೆ ಸಿಕ್ಕ ಮಂಗಳಾರತಿಯನ್ನು ನಾನೇ ಕೇಳಿದ್ದೇನೆ.

ಈ ಅಂಗಡಿಯಲ್ಲಿ ನನಗೆ ಒಬ್ಬ ಜೊತೆಗಾರರೂ ಸಿಕ್ಕರು. ಧಾರವಾಡದಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಒಬ್ಬ ಸರ್. ಅವರ ಹುಚ್ಚು ಬೇರೆ ಪಾದ್ರಿಯದು. ಸೇಬಿನ್ ಬೇರಿಂಗ್-ಗೌಲ್ಡ್ ಎಂದು, ಇಂಗ್ಲೆಂಡಿನ ಡೆವನ್ ಜಿಲ್ಲೆಯ ಲ್ಯೂ ಟ್ರೆಂಚರ್ಡ್ ಎಂಬ ಹಳ್ಳಿಯಲ್ಲಿ ಪಾದ್ರಿ, ಅಲ್ಲಿನ ಜಮೀನ್ದಾರರೂ ಅವರೇ. ನಮ್ಮ ಕಿಟೆಲ್ ಹುಟ್ಟಿದ್ದು 1832, ಅವರು 1834. ಹದಿನೈದು ಮಕ್ಕಳು. ಬರೆದದ್ದು ಮಕ್ಕಳಿಗಿಂತ ಜಾಸ್ತಿ. ಸಣ್ಣದು ದೊಡ್ಡದು ಎಲ್ಲ ಸೇರಿ 1,200 ದಾಟುತ್ತದಂತೆ. ಸಂತರ ಜೀವನ ಸಂಪುಟಗಟ್ಟಲೆ, ಕಾದಂಬರಿಗಳು, ತೋಳವಾಗುವ ಮನುಷ್ಯರ ಬಗ್ಗೆ 1865ರಲ್ಲಿ ಒಂದು ಪುಸ್ತಕ. ಚರ್ಚುಗಳಲ್ಲಿ ಹಾಡುವ 'ಆನ್‌ವರ್ಡ್, ಕ್ರಿಶ್ಚಿಯನ್ ಸೋಲ್ಜರ್ಸ್' ಕೂಡ ಅವರದೇ. ಹಳ್ಳಿಯ ಮುದುಕರ ಹತ್ತಿರ ಕುಳಿತು ಜನಪದ ಹಾಡು ಬರೆದುಕೊಂಡರು ಎಂದು ಕೇಳಿದ ಮೇಲೆ ನನಗೂ ಆ ಪಾದ್ರಿಯ ಮೇಲೆ ಸ್ವಲ್ಪ ಗೌರವ ಬಂತು. ಅವರು ಅಲ್ಲಿ ಹಾಡು ಹುಡುಕುತ್ತಿದ್ದ ಹೊತ್ತಿಗೆ ಸರಿಯಾಗಿ ಕಿಟೆಲ್ ಇಲ್ಲಿ ಶಬ್ದ ಹುಡುಕುತ್ತಿದ್ದರು. 1877ರಲ್ಲಿ ಜರ್ಮನಿಗೆ ವಾಪಸ್ ಹೋದವರು ನಿಘಂಟಿನ ಸಲುವಾಗಿಯೇ 1883ರಲ್ಲಿ ಮತ್ತೆ ಬಂದಿದ್ದರು, ಐವತ್ತು ದಾಟಿದ ಮೇಲೆ.

ಆ ಸರ್ ಕಷ್ಟ ನನ್ನದಕ್ಕಿಂತ ದೊಡ್ಡದು. 1880ರಲ್ಲಿ ಬಂದ 'ಮೆಹಾಲಾ' ಕಾದಂಬರಿಯ ಮೊದಲ ಮುದ್ರಣ ಎರಡು ಸಂಪುಟ, ಲೇಖಕರ ಹೆಸರೇ ಇಲ್ಲ. ಆ ಕಾಲದ ಕಾದಂಬರಿಗಳನ್ನು ಜಾಸ್ತಿ ಕೊಳ್ಳುತ್ತಿದ್ದದ್ದು ಬಾಡಿಗೆ ಲೈಬ್ರರಿಗಳು. ಹತ್ತಾರು ಕೈ ದಾಟಿ, ಲೇಬಲ್ ಅಂಟಿಸಿ, ಕಿತ್ತು, ರಟ್ಟು ಸಡಿಲಾಗಿ ಬರುತ್ತವೆ. ಎರಡು ಸಂಪುಟದಲ್ಲಿ ಒಂದು ಸಿಕ್ಕರೆ ಇನ್ನೊಂದು ಇಲ್ಲ. ನಮ್ಮ ಕಡೆ ಸಿಗುವುದು ಬಹಳ ಮಟ್ಟಿಗೆ ಕಲೋನಿಯಲ್ ಲೈಬ್ರರಿ ಎಂಬ ಮಾಲೆಯವು. ಮೆಥ್ಯೂಯೆನ್, ಮ್ಯಾಕ್‌ಮಿಲನ್‌ನಂಥ ಪ್ರಕಾಶಕರು ಭಾರತಕ್ಕೂ ಇತರ ವಸಾಹತುಗಳಿಗೂ ಬೇರೆಯಾಗಿ, ಅಗ್ಗವಾಗಿ ಕಟ್ಟಿಸಿ ಕಳಿಸುತ್ತಿದ್ದವು. ಇಂಗ್ಲೆಂಡಿನಲ್ಲಿ ಮಾರುವ ಹಾಗಿಲ್ಲ ಎಂದು ಒಳಗೇ ಅಚ್ಚಾಗಿರುತ್ತದೆ. ಮಾಲೀಕರು ಇಂಥ ಒಂದು ಗಂಟು ತಂದಿಟ್ಟಿದ್ದರು. ಸರ್ ಒಂದೊಂದಾಗಿ ತೆಗೆದು, "ಇದು ಫಸ್ಟ್ ಅಲ್ಲ, ಆದರೂ ಬಿಡಂಗಿಲ್ಲ" ಎನ್ನುತ್ತಾ ಏಳೂ ಕೊಂಡರು. ಇವು ನಿಜವಾದ ಮೊದಲ ಮುದ್ರಣ ಹೌದೋ ಅಲ್ಲವೋ ಎಂದು ಅವರೂ ಮಾಲೀಕರೂ ಮುಕ್ಕಾಲು ತಾಸು ವಾದ ಮಾಡಿದರು. ನಾನು ಗಿರ್ಮಿಟ್ ತಿನ್ನುತ್ತಾ ಕೇಳಿದೆ. ನನ್ನ ಪಾದ್ರಿ ಕಡಿಮೆ ಬರೆದದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡೆ. ಕಡಿಮೆ ಎಂದರೆ ಏನು, ಆ ನಿಘಂಟು ಒಂದೇ ಹತ್ತು ಕಾದಂಬರಿಯ ತೂಕ.

ಆ ನಿಘಂಟು ಬಂದದ್ದು ಎರಡನೇ ವರ್ಷದ ಶ್ರಾವಣದಲ್ಲಿ. ಫೋನಿನಲ್ಲಿ ಮಾಲೀಕರು ಬಂತು ಎನ್ನಲಿಲ್ಲ. "ಚರ್ಮ ಪುಡಿ ಆಗೇತ್ರಿ, ಮುಂದಿನ ಒಂದು ಹಾಳಿ ಝೆರಾಕ್ಸ್ ಐತಿ, ಬೆನ್ನು ಬಿಟ್ಟೈತಿ. ನೋಡಾಕ ಬರ್ತೀರೇನು?" ಎಂದರು. ಹಳೆಯ ಚರ್ಮದ ಬೆನ್ನು ಕಾಲ ಕಳೆದ ಹಾಗೆ ಕೆಂಪು ಪುಡಿಯಾಗಿ ಉದುರುತ್ತದೆ, ಮುಟ್ಟಿದರೆ ಕೈಗೆ ಕುಂಕುಮದ ಹಾಗೆ ಹತ್ತುತ್ತದೆ. ನನ್ನ ಸೀರೆಗೆಲ್ಲ ಹತ್ತಿತು. ಕಣ್ಣು ಮುಚ್ಚಿ ನಡುವಿನ ಹಾಳೆಯ ಹಿಂಬದಿಗೆ ಬೆರಳು ಇಟ್ಟೆ. ಉಬ್ಬಿತ್ತು.

ಅಲ್ಲೇ ನೆಲದ ಮೇಲೆ ಚಾಪೆ ಹಾಕಿಸಿಕೊಂಡು ಕುಳಿತೆ. ಎಲ್ಲ ಪುಟ ಇವೆಯೋ ಇಲ್ಲವೋ ನೋಡಲು ಎರಡು ದಿನ ಹಿಡಿಯಿತು. ಒಂದು ದಿನ ಹುಬ್ಬಳ್ಳಿಯಲ್ಲೇ ನಾದಿನಿಯ ಮನೆಯಲ್ಲಿ ಉಳಿದೆ. 1752ರವರೆಗೆ ಒಂದೊಂದೇ ಪುಟಸಂಖ್ಯೆ, ಅದರ ಮುಂಚೆ ರೋಮನ್ ಅಂಕಿಯ ಪುಟಗಳು. ಅವಸರ ಮಾಡಿ ಎಂದು ಯಾರೂ ಹೇಳಲಿಲ್ಲ. ಇಂಥ ಅನುಕೂಲ ಯಾವ ಆನ್‌ಲೈನ್ ಅಂಗಡಿ ಕೊಡುತ್ತದೆ, ಹೇಳಿ? ನೋಡುತ್ತಾ ನೋಡುತ್ತಾ ಓದಲು ಶುರುಮಾಡಿದೆ, ಅದಕ್ಕೇ ತಡವಾಯಿತು ಅನ್ನುವುದು ನಿಜ. ಶಬ್ದದ ಪಕ್ಕ ಕಿಟೆಲ್ ಅದು ಯಾವ ಸೀಮೆಯದು ಎಂದು ಸಣ್ಣ ಗುರುತು ಹಾಕುತ್ತಾರೆ. ಮೈಸೂರಿನದಕ್ಕೆ ಒಂದು. ನಮ್ಮ ಧಾರವಾಡದ ಕಡೆಗೆ ಆಗ ಸದರ್ನ್ ಮರಾಠಾ ಎನ್ನುತ್ತಿದ್ದರು, ಅದಕ್ಕೆ ಒಂದು. ಗಾದೆಗಳನ್ನೂ ನಡುನಡುವೆ ಸೇರಿಸಿದ್ದಾರೆ. ನಮ್ಮ ಅವ್ವ ಮಗ್ಗದ ಗುಂಡಿಯಲ್ಲಿ ಕುಳಿತು ಆಡುತ್ತಿದ್ದಂಥ ಮಾತುಗಳು ಅಷ್ಟು ಸಣ್ಣ ಅಕ್ಷರದಲ್ಲಿ, ಅಷ್ಟು ಶಿಸ್ತಾಗಿ ಕುಳಿತಿವೆ. ಕಿಟೆಲ್ ಇದ್ದ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ 1837ರಲ್ಲಿ ಬಂತು, ಹುಬ್ಬಳ್ಳಿಗೆ 1839, ನಮ್ಮ ಬೆಟಗೇರಿಗೆ 1841. ಜರ್ಮನ್ ದವಾಖಾನೆ ಎಂದರೆ ಇವತ್ತಿಗೂ ಬೆಟಗೇರಿಯಲ್ಲಿ ಆಟೋದವರಿಗೆ ಗೊತ್ತು. ಆ ಮಂದಿ ನಮ್ಮ ಓಣಿಗಳಲ್ಲಿ ಅಡ್ಡಾಡಿ ಕೇಳಿಸಿಕೊಂಡದ್ದರಲ್ಲಿ ಎಷ್ಟು ಈ ಪುಟಗಳಿಗೆ ಬಂದಿದೆಯೋ ಎಂದು ಯೋಚಿಸುತ್ತಾ ಎರಡನೇ ದಿನ ಊಟ ಮರೆತೆ.

ಎಲ್ಲ ಪುಟ ಇದ್ದವು, ಶೀರ್ಷಿಕೆಯ ಮುಂದಿನ ಆ ಒಂದು ಹಾಳೆ ಬಿಟ್ಟು. ಆ ಝೆರಾಕ್ಸನ್ನು ಯಾರೋ ಮೊದಲಿನ ಯಜಮಾನರು ಚಹಾದ ನೀರಲ್ಲಿ ಅದ್ದಿ ಹಳೆಯದರ ಹಾಗೆ ಮಾಡಿದ್ದರು. ಬೇರೆ ಅಂಗಡಿಯಲ್ಲಾದರೆ ಸುಮ್ನೆ ಮುಚ್ಚಿಡುತ್ತಿದ್ದರು. ಇಲ್ಲಿ ಅದರ ಮೂಲೆಯಲ್ಲೇ ಪೆನ್ಸಿಲಿನಲ್ಲಿ "ಇದು ಝೆರಾಕ್ಸ್, ಚಹಾ ಬಣ್ಣ" ಎಂದು ಬರೆದಿದ್ದರು. ಬೆಲೆ ₹14,000 ಎಂದರು. ನಾನು 11 ಎಂದೆ. 12,500ಕ್ಕೆ ಕೊಟ್ಟರು. ಬೈಂಡಿಂಗಿಗೆ ಬೇರೆ ₹2,400. ಈ ಸಲ ನಾನೇ ಹಿಂದಿನ ಕೋಣೆಗೆ ಹೋಗಿ ಚಾಚಾನ ಎದುರು ಕುಳಿತು ಮಾತಾಡಿದೆ. ಅವರು ನನ್ನನ್ನು ನೋಡಿ, ಕಟಿಂಗ್ ಮಷೀನ್ ಕಡೆ ಕೈ ತೋರಿಸಿ, ಎರಡೂ ಕಿವಿ ಹಿಡಿದುಕೊಂಡರು. ನಗು ತಡೆಯಲಿಲ್ಲ. ಹಳೆಯ ಚರ್ಮದಲ್ಲಿ ಗಟ್ಟಿ ಇದ್ದ ತುಂಡನ್ನು ಉಳಿಸಿ, ಹೊಸ ಬೆನ್ನಿನ ಮೇಲೆ ಅದನ್ನೇ ಕೂರಿಸಿಕೊಟ್ಟರು. ಅಂಚು ಮುಟ್ಟಿಲ್ಲ. ಎರಡೂವರೆ ತಿಂಗಳು ತೆಗೆದುಕೊಂಡರು, ಹೇಳಿದ್ದು ಒಂದು.

ಮೂರನೆಯದು 1903ರ ವ್ಯಾಕರಣ. ಅದರಲ್ಲಿ ಹೇಳುವಂಥ ಕಥೆ ಇಲ್ಲ. ಸಂಪೂರ್ಣ ಇತ್ತು, ಒಂದು ಕಾಲದಲ್ಲಿ ಯಾವುದೋ ಶಾಲೆಯ ಬಹುಮಾನ ಪುಸ್ತಕ, ₹3,000, ತಂದೆ. ನಾಗವರ್ಮನ ಛಂದಸ್ಸು ಒಮ್ಮೆ ಬಂದಿತ್ತು. ಕಿಟೆಲ್ ಅದರ ಮುಂದೆ ಕನ್ನಡ ಸಾಹಿತ್ಯದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದಿದ್ದಾರಲ್ಲ, ಆ ಪುಟಗಳನ್ನೇ ಗೆದ್ದಲು ತಿಂದಿತ್ತು. ಮಾಲೀಕರೇ "ಬ್ಯಾಡ್ರಿ, ತಡೀರಿ" ಎಂದರು. ಮಾರುವವರೇ ಬೇಡ ಎಂದರೆ ಏನು ಮಾಡುವುದು. ಮನೆಗೆ ಬಂದ ಮೇಲೆ ಸ್ವಲ್ಪ ಹಳಹಳಿಸಿದೆ. 'ಕಥಾಮಾಲೆ'ಯ ಸುದ್ದಿಯೇ ಇಲ್ಲ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಹನ್ನೊಂದರ ಮುಂಚೆ ತೆರೆಯುವುದಿಲ್ಲ, ಒಂದೂವರೆಯಿಂದ ನಾಲ್ಕರವರೆಗೆ ಊಟ, ನಿದ್ದೆ. ಮಳೆ ಜೋರಿದ್ದರೆ ಆ ದಿನ ಪುಸ್ತಕ ಬಿಚ್ಚಿ ತೋರಿಸುವುದೇ ಇಲ್ಲ, ತೇವ ಹಿಡಿಯುತ್ತದೆ ಎಂದು. ಫೋನ್‌ಪೇ ಇದೆ, ಆದರೆ ಮೊಮ್ಮಗ ಇದ್ದಾಗ ಮಾತ್ರ. ಕಪಾಟಿನ ಪಕ್ಕದಲ್ಲೇ ಊದಿನಕಡ್ಡಿ ಹಚ್ಚುತ್ತಾರೆ, ನನಗೆ ಜೀವ ಕೈಯಲ್ಲಿ. ಎರಡು ಸಲ ಹೇಳಿದೆ. "ದೇವರ ಮುಂದ ಹಚ್ಚಬ್ಯಾಡಂದ್ರ ಹೆಂಗ್ರೀ" ಎನ್ನುತ್ತಾರೆ. ಪುಸ್ತಕಗಳ ನಡುವೆ ಬೇವಿನ ಎಲೆ ಇಡುತ್ತಾರೆ, ಅದು ಒಳ್ಳೆಯದು. ಆದರೆ ಒಣಗಿದ ಎಲೆಯ ಕಲೆ ಹಾಳೆಗೆ ಹತ್ತುತ್ತದೆ. ಮನೆಗೆ ತಂದ ಮೇಲೆ ತೆಗೆದುಬಿಡಿ. ಚೌಕಾಸಿ ಮಾಡಿ, ಬೇಜಾರಿಲ್ಲ. ಆದರೆ ಪೆನ್ಸಿಲಿನಲ್ಲಿ ಬರೆದ ದೋಷ ತೋರಿಸಿ ಬೆಲೆ ಇಳಿಸಿ ಎನ್ನಬೇಡಿ. ಬರೆಯುವಾಗಲೇ ಅದನ್ನು ಬೆಲೆಯಿಂದ ಕಳೆದಿರುತ್ತಾರೆ. ಅದೊಂದಕ್ಕೆ ಸಿಟ್ಟು ಬರುತ್ತದೆ ಅವರಿಗೆ.

ನನ್ನ ಆ ಮೊದಲಿನ ನಕಲಿ ಪ್ರತಿ ಏನಾಯಿತು ಎಂದು ಕೇಳುವವರಿಗೆ: ಹೋದ ಸಲ ಅದನ್ನೂ ಒಯ್ದಿದ್ದೆ. ಮನೆಯಲ್ಲಿ ಎರಡೆರಡು ಯಾಕೆ. ₹600 ಕೊಟ್ಟರು. ಶೀರ್ಷಿಕೆ ಪುಟ ತೆರೆದು, 1894ರ ಕೆಳಗೆ ಪೆನ್ಸಿಲಿನಲ್ಲಿ "ಮರುಮುದ್ರಣ. ಮುಂದಿನ ಹಾಳೆ ಕಿತ್ತಿದೆ" ಎಂದು ಬರೆದರು. ನನ್ನ ಕಡೆ ತಿರುಗಿಸಿ, "ಸರಿ ಐತೇನ್ರಿ? ಪ್ರೂಫ್ ನೋಡ್ರಿ" ಎಂದರು. ಒಂದು ಪೂರ್ಣವಿರಾಮ ಬಿಟ್ಟಿದ್ದರು. ಪೆನ್ಸಿಲ್ ಇಸಿದುಕೊಂಡು ಹಾಕಿದೆ. ಮುಂದಿನ ವಾರ ಅದನ್ನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡುವ ಹುಡುಗಿ ಒಬ್ಬಳು ₹800ಕ್ಕೆ ಒಯ್ದಳಂತೆ. ಅವಳೂ ಕಣ್ಣು ಮುಚ್ಚಿ ಬೆರಳು ಆಡಿಸಿದಳಂತೆ, ಮಾಲೀಕರೇ ಕಲಿಸಿ.